ಒರೆ

ವಿರಾಜಪೇಟೆಯ ಗಡಿಯಾರ ಕಂಬದ ಹಿಂದೆ ಮೊಯ್ದು ಕಾಕನ ಅಂಗಡಿ.
ಚಪ್ಪಲಿ, ನಾಯಿಯ ಪಟ್ಟಿ,
ಮೊಳೆಗೆ ನೇತುಬಿಟ್ಟ ಯಾರದೋ ಹಳೇ ತೋಟಾ ಬೆಲ್ಟು.
"ಏನು ಬೇಕು ರೈಟ್ರಮ್ಮ?"
ಪಿಸ್ತೂಲಿಗೊಂದು ಮನೆ, ಅಂದೆ.
ನಕ್ಕ. "ಬಾಡಿಗೆಗೋ, ಸ್ವಂತಕ್ಕೋ?"

ಎಸ್ಟೇಟಿನ ರೈಟರು ನಾನು.
ಶನಿವಾರ ಗೋಣಿಕೊಪ್ಪದ ಬ್ಯಾಂಕಿನಿಂದ
ಲೈನುಮನೆಗಳ ಬಟವಾಡೆ ತರುವವಳು.
ಪಕ್ಕದ ತೋಟದ ಜೀಪನ್ನು ಯಾರೋ ತಡೆದ ಮೇಲೆ
ಲೈಸೆನ್ಸಿನ ಕಾಗದ ಬಂತು, ಪಿಸ್ತೂಲು ಬಂತು.
ಅದನ್ನು ಮೈಮೇಲೆ ಎಲ್ಲಿಡಬೇಕೆಂದು
ಯಾವ ಕಾಗದದಲ್ಲೂ ಇರಲಿಲ್ಲ.

ಮೊದಲು ಕೊಂಡದ್ದು ನೈಲಾನಿನದು, ಅಗ್ಗ.
ಚೋಂದಮ್ಮ ಅದನ್ನು ಎರಡು ಬೆರಳಲ್ಲಿ ಎತ್ತಿದಳು,
ಸತ್ತ ಇಲಿಯನ್ನು ಬಾಲದಲ್ಲಿ ಎತ್ತುವ ಹಾಗೆ.
ಇಪ್ಪತ್ತೆರಡು ವರ್ಷ ಸಿಆರ್‌ಪಿಎಫ್‌ನಲ್ಲಿದ್ದವಳು,
ಈಗ ಗದ್ದೆಯಂಚಿನ ಮಣ್ಣುದಿಬ್ಬಕ್ಕೆ ಕಾಗದ ಅಂಟಿಸಿ
ನಮಗೆ ಗುರಿ ಕಲಿಸುವವಳು.
"ಬಾಯಿ ನೋಡು. ಪಿಸ್ತೂಲು ಹೊರಬಂದದ್ದೇ ಮುಚ್ಚಿಕೊಳ್ತದೆ.
ಮತ್ತೆ ಒಳಗಿಡಲು ಎಡಗೈ ಕೇಳ್ತದೆ,
ಎಡಗೈ ನಳಿಗೆಯ ಮುಂದೆ ಬರ್ತದೆ.
ಆಮೇಲೆ ಎಡಗೈ ಇರುವುದಿಲ್ಲ.
ಕುದುರೆ ಪೂರ್ತಿ ಮುಚ್ಚಿರಬೇಕು,
ಸೆರಗಿನ ಒಂದು ಎಳೆಯೂ ಒಳಗೆ ಹೋಗಬಾರದು."
ಇದು ತರಬೇತಿಗಿರಲಿ, ದಿನಕ್ಕೆ ಬೇರೆ ಕೊಳ್ಳುವೆ, ಅಂದೆ.
"ಒಂದು ಒರೆಗೆ ಎರಡು ಕತ್ತಿ ಬೇಡ ಅಂತಾರಲ್ಲ,
ಒಂದು ಕೈಗೆ ಎರಡು ಒರೆಯೂ ಬೇಡ.
ಗಾಬರಿಯಲ್ಲಿ ಕೈ ಹಳೇ ಮನೆಗೇ ಹೋಗಿ ಬಾಗಿಲು ತಟ್ತದೆ."

ಮನೆಯಲ್ಲಿ ಅಜ್ಜನ ತೊಡಂಗ್ ಇದೆ, ಹಿತ್ತಾಳೆಯದು,
ಒಡಿಕತ್ತಿಯನ್ನು ಬೆನ್ನಿಗೆ ಸಿಕ್ಕಿಸುವುದು.
ಕೈಲ್‌ಪೊಳ್ದ್‌ಗೆ ಹುಣಸೆ ಹಚ್ಚಿ ಉಜ್ಜಿ ಕೋವಿಯ ಪಕ್ಕ ಇಟ್ಟು
ತೋಕ್ ಪೂ ಸಿಕ್ಕಿಸುವಾಗ ಅನಿಸಿತು,
ನನಗೂ ಬೆನ್ನೇ ಸರಿಯಲ್ಲವೇ.
"ಬೇಡ," ಚೋಂದಮ್ಮ.
"ಜೀಪಿನಿಂದ ಅಂಗಾತ ಬಿದ್ದರೆ ಕಬ್ಬಿಣ ಬೆನ್ನುಮೂಳೆಯನ್ನೇ ಹುಡುಕ್ತದೆ."
ಮತ್ತೆ, ನಮ್ಮ ಸೀರೆಯ ನೆರಿಗೆ ಇರುವುದೂ ಹಿಂದೆಯೇ.
ಇರುವ ಒಂದು ಸೊಂಟಕ್ಕೆ ಏನೇನಂತ ಸಿಕ್ಕಿಸುವುದು,
ತಿಜೋರಿಯ ಬೀಗದಕೈ ಬೇರೆ.

ಹಾಗಾಗಿ ಶನಿವಾರ ಪ್ಯಾಂಟು, ದಪ್ಪ ಬೆಲ್ಟು, ಬಲಸೊಂಟ.

ಕಾಕ ಖಾಲಿ ಪಿಸ್ತೂಲಿಗೆ ಪ್ಲಾಸ್ಟಿಕ್ ಸುತ್ತಿ
ನೆನೆದ ಚರ್ಮದಲ್ಲಿ ಮಲಗಿಸಿ
ಚಮಚದ ಹಿಡಿಯಲ್ಲಿ ಒತ್ತಿ ಒತ್ತಿ ಮೂಗು ಕಣ್ಣು ಮೂಡಿಸಿದ.
"ಮೂರು ದಿನ ನೆರಳಲ್ಲಿ. ಬಿಸಿಲಿಗಿಟ್ಟರೆ ಮುನಿಸಿಕೊಳ್ತದೆ."
ನಾಲ್ಕನೇ ದಿನ ತಲೆಕೆಳಗು ಹಿಡಿದು ಕೊಡವಿದ.
ಬೀಳಲಿಲ್ಲ. ಇನ್ನೊಮ್ಮೆ ಕೊಡವಿದ.
ಚಿನ್ನವನ್ನು ಒರೆಗೆ ಹಚ್ಚುವುದು ನೋಡಿದ್ದೇನೆ,
ಒರೆಯನ್ನೇ ಒರೆಗೆ ಹಚ್ಚುವುದು ಅಂದೇ ನೋಡಿದ್ದು.

ರಾತ್ರಿ ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು ಬಾಗಿಲು ಹಾಕಿ
ಗೋಡೆಯ ಮುಂದೆ ನೂರು ಸಲ. ತೆಗೆ, ಇಡು.
ಇಡುವುದು ನಿಧಾನ ಇರಲಿ ಎನ್ನುತ್ತಾಳೆ ಚೋಂದಮ್ಮ,
ಬೇಗ ಇಟ್ಟವರಿಗೆ ಯಾರೂ ಪದಕ ಕೊಟ್ಟಿಲ್ಲ.

ಕಕ್ಕಡದ ಒಂದು ಶನಿವಾರ, ತಿತಿಮತಿ ದಾಟಿದ ತಿರುವು.
ಕೈ ಅಡ್ಡ ಹಿಡಿದು ನಿಂತಿದ್ದ ಒಬ್ಬ,
ತಲೆಯ ಮೇಲೆ ಪ್ಲಾಸ್ಟಿಕ್ ಕೊಪ್ಪೆ, ಮುಖ ಕಾಣದು.
ನನ್ನ ಹೆಬ್ಬೆರಳು ಪಟ್ಟಿಯ ಗುಂಡಿಯ ಮೇಲಿತ್ತು,
ನಾನು ಹೇಳುವ ಮೊದಲೇ.

ನಮ್ಮ ಲೈನಿನ ಚುಬ್ರ.
ಸಿಲ್ವರ್ ಓಕಿನ ಕೊಂಬೆ ರಸ್ತೆಗೆ ಬಿದ್ದಿತ್ತು.
ಅವನ ಸೊಂಟದ ಹಿಂದಿನ ಕೊಕ್ಕೆಯಿಂದ
ಕತ್ತಿ ಬಂತು, ಅವನು ನೋಡಲಿಲ್ಲ,
ಕೊಂಬೆ ಮೂರು ತುಂಡಾಯಿತು,
ಕತ್ತಿ ಮರಳಿ ಕೊಕ್ಕೆಗೆ ಹೋಯಿತು,
ನಿಧಾನ, ದನ ಕೊಟ್ಟಿಗೆಗೆ ಹೋಗುವ ಹಾಗೆ.

ಆಮೇಲೆ ನೋಡಿದ, ನನ್ನ ಹೆಬ್ಬೆರಳನ್ನು.
ಅದು ಇನ್ನೂ ಅಲ್ಲೇ ಇತ್ತು.
ಅವನ ವಾರದ ಕೂಲಿಯೂ ನನ್ನ ಪಕ್ಕದ ಚೀಲದಲ್ಲೇ ಇತ್ತು.
"ಹೊಸ ಚರ್ಮವಾ ಅಮ್ಮ," ಅಂದ,
"ಸೊಂಟಕ್ಕೆ ಒತ್ತುತ್ತದಾ?"

ಒತ್ತುತ್ತದೆ, ಅಂದೆ.